ಮಾಲಿ ಬಾಸ್ಟನ್ ಎಂಬ ಹುಡುಗಿ ಇರಲಿಲ್ಲ

ನಿವೆಸ್ ಗಿದೀನಿಗೆ ಇಂಗ್ಲಿಷ್ ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಮೂರು ವರ್ಷ ಫ್ರೆಂಚ್ ಕಲಿತಿದ್ದಳು. ಅದನ್ನು ನಲ್ಲಿ ಕಾರ್ಖಾನೆಗೆ ಸೇರಿದ ಮೊದಲ ವರ್ಷವೇ ಮರೆತಳು. ಆದರೂ 1994ರ ಬೇಸಿಗೆಯಲ್ಲಿ ಹ್ಯಾಂಬರ್ಗಿನಿಂದ ಲಿಸ್ಬನ್‌ವರೆಗೆ ಡಿಸ್ಕೊಗಳಲ್ಲಿ ಕುಣಿಯುವವರು ಇಂಗ್ಲಿಷ್ ಎಂದುಕೊಂಡು ಕೂಗುತ್ತಿದ್ದ ಒಂದು ಸಾಲು ಅವಳ ಬಾಯಿಂದ ಬಂದದ್ದು. ಆ ಸಾಲಿನ ನಿಜವಾದ ಅರ್ಥ ಬ್ರೆಶಾ ಪಟ್ಟಣದ ಸುತ್ತಲಿನ ಕಣಿವೆಗಳವರಿಗೆ ಬಿಟ್ಟರೆ ಇನ್ನಾರಿಗೂ ತಿಳಿಯಲಿಲ್ಲ. ಆ ಕಣಿವೆಗಳಲ್ಲಿ ಒಬ್ಬರ ಕಿವಿಗೆ ಮಾತ್ರ ಅದು ಬೀಳಬಾರದು ಎಂದು ನಿವೆಸ್ ಆರು ತಿಂಗಳು ಒದ್ದಾಡಿದಳು. ಆ ಒಬ್ಬರು ಅವಳ ಅತ್ತೆ, ಎರ್ಸಿಲಿಯಾ.

ನಿವೆಸ್ ಹುಟ್ಟಿದ್ದು 1963ರಲ್ಲಿ, ಪಿಯೆವೆ ಆಲ್ತಾದಲ್ಲಿ. ಊರಿನ ಅರ್ಧ ಜನ ನಲ್ಲಿ ಮಾಡುತ್ತಾರೆ, ಇನ್ನರ್ಧ ಜನ ಅದಕ್ಕೆ ಪಾಲಿಶ್ ಹಾಕುತ್ತಾರೆ. ಹದಿನಾರಕ್ಕೆ ಅವಳು ಕಾರ್ಖಾನೆಯ ಪರೀಕ್ಷೆ ವಿಭಾಗಕ್ಕೆ ಸೇರಿದಳು. ನಲ್ಲಿಯನ್ನು ಗಾಳಿ ಕೊಳವೆಗೆ ಸಿಕ್ಕಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೆಯೇ ಎಂದು ನೋಡುವುದು ಕೆಲಸ. ಗುಳ್ಳೆ ಬಂದರೆ ಎಡಗಡೆಯ ಪೆಟ್ಟಿಗೆ, ಬಾರದಿದ್ದರೆ ಬಲಗಡೆಯದು. ಗಂಟೆಗೆ ಇನ್ನೂರು. ಬಾಯಿಗೆ ಕೆಲಸವಿಲ್ಲದ್ದರಿಂದ ಹಾಡಿಕೊಳ್ಳುತ್ತಿದ್ದಳು. ಭಾನುವಾರ ಚರ್ಚಿನ ಮೇಳದಲ್ಲಿ ಕೆಳಗಿನ ದನಿ ಅವಳದು.

ಇಪ್ಪತ್ತೆರಡಕ್ಕೆ ಪಾಲಿಶ್ ಕೆಲಸದ ಓರೆಸ್ತೆಯನ್ನು ಮದುವೆಯಾಗಿ ಅವನ ಮನೆಯ ಮೇಲಿನ ಅಂತಸ್ತಿಗೆ ಬಂದಳು. ಕೆಳಗಿನ ಅಂತಸ್ತು, ಅಂಗಳ, ಕೋಳಿಗೂಡು ಎಲ್ಲವೂ ಅತ್ತೆಯ ವಶ. ಮೇಲೆ ಒಂದು ಚಿಕ್ಕ ಅಡುಗೆಮನೆ ಇತ್ತು. ಆದರೆ ಭಾನುವಾರದ ಊಟ ಕೆಳಗೇ. ಭಾನುವಾರವೆಂದರೆ ಪೊಲೆಂತಾ: ತಾಮ್ರದ ಹಂಡೆಯಲ್ಲಿ ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟನ್ನು ಸುರಿದು, ಕೋಲಿನಿಂದ ಮುಕ್ಕಾಲು ಗಂಟೆ ಬಿಡದೆ ತಿರುವಿ, ಮರದ ಹಲಗೆಯ ಮೇಲೆ ಬೋರಲು ಹಾಕಿ, ದಾರದಿಂದ ಕೊಯ್ಯುವುದು. ನಿವೆಸ್ ಹಲಗೆ ಹಾಕಬಹುದಿತ್ತು, ಗಿಣ್ಣು ಕತ್ತರಿಸಬಹುದಿತ್ತು, ದಾರ ಹಿಡಿಯಬಹುದಿತ್ತು. ಕೋಲು ಮುಟ್ಟುವಂತಿರಲಿಲ್ಲ. ನಮ್ಮ ಕಡೆ ಕೋಲು ಯಾರ ಕೈಯಲ್ಲಿದೆಯೋ ಮನೆ ಅವರದು. ಅದನ್ನು ಕೇಳಿ ಪಡೆಯುವ ಪದ್ಧತಿಯಿಲ್ಲ. ಹಿರಿಯಳು ತಾನಾಗಿ ಕೊಡಬೇಕು. ಎರ್ಸಿಲಿಯಾ ಅವರಿಗೆ ಅವರ ಅತ್ತೆ ಕೊಟ್ಟದ್ದು 1958ರಲ್ಲಿ, ಪಾದ್ರಿ ಬಂದು ಕೊನೆಯ ಪ್ರಾರ್ಥನೆ ಮುಗಿಸಿ ಹೋದ ಮೇಲೆ.

ಒಂಬತ್ತು ವರ್ಷ ಹೀಗೇ ನಡೆಯಿತು. ಇದರಿಂದ ಒಂದು ಲಾಭವೂ ಇತ್ತು, ಅದು ನಿವೆಸ್‌ಗೆ ಆಗ ಹೊಳೆದಿರಲಿಲ್ಲ: ಭಾನುವಾರ ಹತ್ತೂಮುಕ್ಕಾಲರಿಂದ ಹನ್ನೆರಡೂವರೆವರೆಗೆ ಅವಳಿಗೆ ಮನೆಯಲ್ಲಿ ಏನೂ ಕೆಲಸವಿರಲಿಲ್ಲ.

ಅದೇ ಹೊತ್ತಿಗೆ ಅವಳ ದೊಡ್ಡಮ್ಮನ ಮಗ ತುಲ್ಲಿಯೊಗೆ ಅವಳ ದನಿ ಬೇಕಿತ್ತು. ತುಲ್ಲಿಯೊ ಮತ್ತು ಅವನ ಇಬ್ಬರು ಗೆಳೆಯರು ಸೇರಿ ‘ವೇಗಾ ತ್ರೆ’ ಎಂಬ ಗುಂಪು ಕಟ್ಟಿದ್ದರು. ಅವನ ಅಪ್ಪನ ಪಾಲಿಶ್ ಅಂಗಡಿಯ ನೆಲಮಾಳಿಗೆಯಲ್ಲಿ ಎರಡು ಕೀಬೋರ್ಡು, ಒಂದು ತಾಳಯಂತ್ರ, ಒಂದು ಮಿಕ್ಸರ್. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಸವೆದ ಪಾಲಿಶ್ ಚಕ್ರಗಳನ್ನು, ಬಟ್ಟೆಯ ಬಿಲ್ಲೆಗಳನ್ನು, ಮೊಳೆ ಹೊಡೆದು ಕೂರಿಸಿದ್ದರು. ಒಳಗೆ ಹೋದವರ ಭುಜಕ್ಕೆ ಅವುಗಳಲ್ಲಿದ್ದ ಪಾಲಿಶಿನ ಹಸಿರು ಮಸಿ ಮೆತ್ತುತ್ತಿತ್ತು. ವಾರದ ಆರು ದಿನ ಮೇಲೆ ಯಂತ್ರಗಳ ಗದ್ದಲ. ಭಾನುವಾರ ಬೆಳಿಗ್ಗೆ ಮಾತ್ರ ಮೈಕು ಹಾಕುವಷ್ಟು ನಿಶ್ಶಬ್ದ.

ಅವರ ಕೆಲಸದ ಕ್ರಮ ಆ ಕಾಲದಲ್ಲಿ ಇಟಲಿಯ ಎಲ್ಲ ನೃತ್ಯಸಂಗೀತದವರದೂ ಆಗಿತ್ತು. ಮೊದಲು ತಾಳ, ಆಮೇಲೆ ರಾಗ, ಕೊನೆಗೆ ಮಾತು. ರಾಗಕ್ಕೆ ಮಾತು ಸಿಗುವವರೆಗೆ ಯಾರಾದರೂ ಒಬ್ಬರು ‘ಸುಳ್ಳು ಇಂಗ್ಲಿಷಿ’ನಲ್ಲಿ ಹಾಡಿಡುತ್ತಾರೆ. ಪದವಿಲ್ಲ, ಅರ್ಥವಿಲ್ಲ, ಇಂಗ್ಲಿಷಿನಂತೆ ಕೇಳಿಸುವ ಸದ್ದು ಮಾತ್ರ. ಆಮೇಲೆ ಅದೇ ಅಳತೆಗೆ ನಿಜವಾದ ಮಾತು ಬರೆಸಿ, ನಿಜವಾದ ಗಾಯಕಿಯಿಂದ ಹಾಡಿಸುವುದು.

“ನಂಗೆ ಇಂಗ್ಲಿಷ್ ಬರಲ್ಲ ಕಣೋ,” ಎಂದಳು ನಿವೆಸ್, ಮೊದಲ ದಿನ.

“ಅದಕ್ಕೇ ಕರೆದಿದ್ದು. ಬರೋರು ಅರ್ಥ ಹುಡುಕ್ತಾ ಕೂತ್ಬಿಡ್ತಾರೆ. ನೀನು ಬಾಯಿಗೆ ಬಂದಿದ್ದು ಹಾಡು, ಉಸಿರು ಕಟ್ಟಿದ ಕಡೆ ‘ಬೇಬಿ’ ಅನ್ನು.”

“ಯಾರಾದ್ರೂ ಕೇಳಿದ್ರೆ?”

“ಯಾರೂ ಕೇಳಲ್ಲ. ಇದು ಮನೆ ಕಟ್ಟೋವಾಗ ಹಾಕೋ ಸಾರುವೆ ಇದ್ದಂಗೆ. ಗೋಡೆ ಎದ್ದ ಮೇಲೆ ಕಿತ್ತು ಬಿಸಾಕೋದು.”

ಮೊದಲ ಆಲ್ಬಮ್ಮಿಗೆ ಹತ್ತು ಹಾಡು ಬೇಕಿತ್ತು. ಶರತ್ಕಾಲದಿಂದ ಜನವರಿವರೆಗೆ ನಿವೆಸ್ ಒಂಬತ್ತನ್ನು ಮುಗಿಸಿದಳು. ನಿವೃತ್ತ ಇಂಗ್ಲಿಷ್ ಮೇಷ್ಟ್ರಮ್ಮ ಬೊನೊಮಿ ಟೇಪು ಕೇಳಿ, ಬೆರಳೆಣಿಸಿ, ಮಾತು ತುಂಬಿಸುತ್ತಿದ್ದರು. ಗಾರ್ದಾ ಸರೋವರದ ದಡದ ಹೋಟೆಲುಗಳಲ್ಲಿ ಹಾಡುತ್ತಿದ್ದ ಶೆರಿಲ್ ಎಂಬ ಇಂಗ್ಲೆಂಡಿನ ಹೆಂಗಸು ವಾರದ ಮಧ್ಯೆ ಬ್ರೆಶಾದ ಬಾಡಿಗೆ ಸ್ಟುಡಿಯೊದಲ್ಲಿ ಅದನ್ನು ಹಾಡುತ್ತಿದ್ದಳು.

ಹತ್ತನೆಯ ಹಾಡಿನ ಭಾನುವಾರದ ಹಿಂದಿನ ದಿನ ಎರ್ಸಿಲಿಯಾ ಕೋಳಿಗೂಡಿನ ಬಳಿ ಹಿಮಗಡ್ಡೆಯ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡೇ ಹಂಡೆ ಏರಿಸಿದರು. ಎಡಗೈಯಲ್ಲಿ ಕೋಲು ಹಿಡಿದು, ತುಟಿ ಕಚ್ಚಿಕೊಂಡು ತಿರುವತೊಡಗಿದರು. ಹಿಟ್ಟು ಅಂಚಿನಿಂದ ಚೆಲ್ಲುತ್ತಿತ್ತು. ನಿವೆಸ್ ಕೈ ಚಾಚಿದಳು.

“ಕೊಡಿ ಅತ್ತೆ, ಇವತ್ತೊಂದಿನ.”

ಎರ್ಸಿಲಿಯಾ ಕೋಲಿನ ಹಿಡಿಯಿಂದ ಅವಳ ಬೆರಳ ಗೆಣ್ಣಿಗೆ ಟಕ್ಕೆಂದು ಒಂದು ಕೊಟ್ಟರು. “ನಾನಿನ್ನೂ ಸತ್ತಿಲ್ಲ,” ಎಂದರು.

ನಿವೆಸ್ ಕೋಟು ಹಾಕಿಕೊಂಡು ಬೀದಿ ಇಳಿದು ನೆಲಮಾಳಿಗೆಗೆ ಹೋದಳು. ತುಲ್ಲಿಯೊ ತಾಳ ಬಿಟ್ಟ. ಸುತ್ತಿಗೆ ಬಡಿದಂತಹ ನಾಲ್ಕು ಹೊಡೆತದ ತಾಳ. ಗೆಣ್ಣು ಇನ್ನೂ ಉರಿಯುತ್ತಿತ್ತು. ಅವಳ ಬಾಯಿಗೆ ಸುಳ್ಳು ಇಂಗ್ಲಿಷ್ ಬರಲಿಲ್ಲ, ಮನೆಮಾತು ಬಂತು, ಮಿಲಾನಿನವರಿಗೂ ಅರ್ಥವಾಗದ ಕಣಿವೆಯ ಆಡುನುಡಿ. ಅದನ್ನೇ ಇಂಗ್ಲಿಷಿನ ಹಾಗೆ ಮೂಗಿನಿಂದ ಎಳೆದು, ಹನ್ನೆರಡು ಸಲ ಹಾಡಿದಳು:

“ಮೋಲಲ್ ಬಾಸ್ತೂ, ಏಚಾ, ತ್ಯೋಕಾ ಮೇ.”

ಕೋಲು ಬಿಡು, ಮುದುಕಿ, ಈಗ ನನ್ನ ಸರದಿ. ಇಷ್ಟೇ.

ತುಲ್ಲಿಯೊ ನಕ್ಕು ಕುರ್ಚಿಯಿಂದ ಬಿದ್ದ. ಗೆಳೆಯರೂ ನಕ್ಕರು. ಕಿತ್ತು ಹಾಕುವ ಸಾರುವೆ ತಾನೇ ಎಂದು ಹಾಗೇ ಬಿಟ್ಟರು. ಬೊನೊಮಿ ಮೇಷ್ಟ್ರಮ್ಮ ಆ ರಾಗಕ್ಕೆ ಸಮುದ್ರ, ಸ್ವಾತಂತ್ರ್ಯ, ಮುಂಜಾವು ಎಲ್ಲವನ್ನೂ ಹಾಕಿ ಮಾತು ಬರೆದುಕೊಟ್ಟರು. ಶೆರಿಲ್ ಹಾಡಿದಳು. ಹತ್ತನೆಯ ಹಾಡಿಗೆ ಈಗ ಎರಡು ಟೇಪು. ಶೆರಿಲ್ ಹಾಡಿದ್ದರ ಮೇಲೆ ‘I.V.’ ಎಂದು ಬರೆದಿತ್ತು: ಇಂಗ್ಲೇಜೆ ವೇರೊ, ನಿಜ ಇಂಗ್ಲಿಷ್. ನಿವೆಸ್‌ಳದರ ಮೇಲೆ ‘F.I.’: ಫಿಂತೊ ಇಂಗ್ಲೇಜೆ, ಸುಳ್ಳು ಇಂಗ್ಲಿಷ್. ತುಲ್ಲಿಯೊ ಆತುರದಲ್ಲಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮಿಲಾನಿಗೆ ಕಳಿಸಿದ. ಅಲ್ಲಿ ಡಬ್ಬಿ ತೆರೆದವನು F.I. ಎಂದರೆ ‘ಫಿನಾಲೆ’, ಅಂತಿಮ ಪ್ರತಿ, ಎಂದು ಓದಿಕೊಂಡ. ಅವನನ್ನು ದೂರುವಂತಿಲ್ಲ.

ಏಪ್ರಿಲ್‌ನಲ್ಲಿ ಅಚ್ಚಾದ ಆಲ್ಬಮ್ಮಿನ ಪೆಟ್ಟಿಗೆ ಬಂತು. ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿ ಕೇಳಿದರು. ಒಂಬತ್ತು ಹಾಡು ಶೆರಿಲ್ಲಳದು. ಹತ್ತನೆಯದರಲ್ಲಿ ತಾಳ ಬಂತು, ಆಮೇಲೆ ನಿವೆಸ್‌ಳ ದನಿ ಬಂತು.

“ತುಲ್ಲಿಯೊ,” ಎಂದಳು ನಿವೆಸ್, “ಇದು ಎಷ್ಟು ಅಚ್ಚಾಗಿದೆ?”

“ಮೂರು ಸಾವಿರ.”

“ಎಲ್ಲ ವಾಪಸ್ ತರ್ಸು.”

“ಜರ್ಮನಿಗೆ ಹೋಗ್ಬಿಟ್ಟಿದೆ ಕಣೇ.”

ಅವನು ಮಿಲಾನಿಗೆ ಫೋನು ಮಾಡಿದ. ಮುಂದಿನ ಅಚ್ಚಿನಲ್ಲಿ ತಿದ್ದಿ ಎಂದು ಬೇಡಿಕೊಂಡ. ಆ ಕಡೆಯವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. “ಮಿಕ್ಕ ಒಂಬತ್ತನ್ನ ಬೇಕಾದ್ರೆ ತಿದ್ದೋಣ. ಹತ್ತನೇದನ್ನ ಮುಟ್ಬೇಡಿ. ಎಲ್ಲ ಡಿಸ್ಕೊದೋರು ಕೇಳ್ತಿರೋದು ಅದನ್ನೇ. ಅದಿರಲಿ, ಈ ಮಾಲಿ ಬಾಸ್ಟನ್ ಯಾರು?”

ಹಾಡಿಗೆ ಹೆಸರು ಬಿದ್ದದ್ದು ಹಾಗೆ. ಜೂನ್‌ನಲ್ಲಿ ಅದು ಒಂಟಿ ಹಾಡಾಗಿ ಬೇರೆ ಬಂತು. ಹೊದಿಕೆಯ ಹಿಂದೆ ಸಾಹಿತ್ಯ ಅಚ್ಚು ಮಾಡಬೇಕು ಎಂದಾಗ ಮತ್ತೆ ಬೊನೊಮಿ ಅವರನ್ನೇ ಕೇಳಿದರು. ಅವರು ಟೇಪನ್ನು ನಾಲ್ಕು ಸಲ ಕೇಳಿ, ಕನ್ನಡಕ ಒರೆಸಿ, ‘ಮಾಲಿ ಬಾಸ್ಟನ್, ಹೇ ಚೈಲ್ಡ್, ಟುಕ್ ಎ ಮೇ’ ಎಂದು ಬರೆದುಕೊಟ್ಟರು. “ಅರ್ಥ ಇಲ್ಲ,” ಎಂದರು, “ಆದ್ರೆ ವ್ಯಾಕರಣದ ತಪ್ಪು ಒಂದೇ ಇರೋದು. ನಾನು ಪಾಠ ಹೇಳಿದ ಮಕ್ಕಳು ಇದಕ್ಕಿಂತ ಕೆಟ್ಟದಾಗಿ ಬರೀತಿದ್ರು.” ಅವರೂ ಬ್ರೆಶಾದವರೇ. ಮೂಲ ಅವರಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಎರ್ಸಿಲಿಯಾ ಅವರನ್ನೂ ಬಲ್ಲವರಾದ್ದರಿಂದ ಸುಮ್ಮನಿದ್ದರು ಎಂದು ಕಾಣುತ್ತದೆ.

ಊರು ಸುಮ್ಮನಿರಲಿಲ್ಲ. ಕಾರ್ಖಾನೆಯ ರೇಡಿಯೊದಲ್ಲಿ ಹಾಡು ದಿನಕ್ಕೆ ಮೂರು ಸಲ ಬರುತ್ತಿತ್ತು. ಬಂದಾಗಲೆಲ್ಲ ಪರೀಕ್ಷೆ ವಿಭಾಗದ ಹೆಂಗಸರು ತೊಟ್ಟಿಯ ಮೇಲೆ ಬಗ್ಗಿ ನಗುತ್ತಿದ್ದರು.

“ಏನಮ್ಮಾ ನಿವೆಸ್, ಕೋಲು ಸಿಕ್ತಾ?”

“ಮೆಲ್ಲಗೆ ಅನ್ರೇ. ಅವರ ತಂಗಿ ಮಗಳು ಪ್ಯಾಕಿಂಗ್‌ನಲ್ಲಿದಾಳೆ.”

“ಅವಳೇ ಎಲ್ರಿಗಿಂತ ಜೋರಾಗಿ ಹಾಡ್ತಾಳೆ.”

ತಂಗಿಯ ಮಗಳು ಹಾಡುತ್ತಿದ್ದಳು, ಆದರೆ ಹೇಳಲಿಲ್ಲ. ಯಾರೂ ಹೇಳಲಿಲ್ಲ. ಎರ್ಸಿಲಿಯಾ ಅವರಿಗೆ ಇಂಥದನ್ನು ಹೇಳಲು ಹೋಗುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಅಡುಗೆಮನೆಯ ರೇಡಿಯೊ ಹೇಗೂ ಜಪಮಾಲೆ ಪ್ರಾರ್ಥನೆ ಬರುವ ಸ್ಟೇಷನ್ನಿನಲ್ಲೇ ಇರುತ್ತಿತ್ತು. ನಿವೆಸ್ ಅದರ ಸ್ಟೇಷನ್ ಬದಲಿಸುವ ತಿರುಪನ್ನು ಕಿತ್ತು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡು, ಮುರಿದುಹೋಯಿತು ಎಂದಳು. ಓರೆಸ್ತೆ ಹೆಂಡತಿಗೆ ಒಂದೇ ಮಾತು ಹೇಳಿದ: “ಅಮ್ಮಂಗೆ ಗೊತ್ತಾದ ದಿನ ನಾನು ಮೀನು ಹಿಡಿಯೋಕೆ ಹೋಗಿರ್ತೀನಿ.”

ಅವಳಿಗೆ ನಿಜವಾದ ಭಯವಿದ್ದದ್ದು ಅಕ್ಟೋಬರ್ ಹಬ್ಬದ್ದು. ಮೂರನೆಯ ಭಾನುವಾರ ಚರ್ಚಿನ ಅಂಗಳದಲ್ಲಿ ಚೆಸ್ಟ್‌ನಟ್ ಹುರಿಯುತ್ತಾರೆ, ಇಡೀ ಊರಿಗೆ ಪೊಲೆಂತಾ ಮಾಡುತ್ತಾರೆ. ಆ ದೊಡ್ಡ ಹಂಡೆಯ ಕೋಲು 1961ರಿಂದ ಎರ್ಸಿಲಿಯಾ ಅವರ ಕೈಯಲ್ಲಿತ್ತು. ಪಕ್ಕದಲ್ಲೇ ಮರದ ಹಲಗೆ ಹಾಸಿ ಹುಡುಗರು ಕುಣಿಯುತ್ತಾರೆ. ಹಾಡು ಹಾಕಲು ಆ ವರ್ಷ ನಮ್ಮ ನುಡಿ ತಿಳಿಯದ, ಕ್ರೆಮೋನಾದ ಕಡೆಯವನೊಬ್ಬನನ್ನು ಗೊತ್ತುಮಾಡಿದ್ದರು. ನಿವೆಸ್ ತುಲ್ಲಿಯೊನನ್ನು ಅವನ ಬಳಿಗೆ ಅಟ್ಟಿದಳು. ತುಲ್ಲಿಯೊ ಹೋಗಿ ಹೇಳಿಯೂ ಬಂದ.

“ಏನಂತ ಹೇಳ್ದೆ?”

“‘ಮೋಲಲ್ ಬಾಸ್ತೂ’ ಹಾಕ್ಬೇಡಪ್ಪಾ ಅಂದೆ. ಅಂಥ ಹಾಡು ನನ್ನತ್ರ ಇಲ್ವೇ ಇಲ್ಲ ಅಂದ.”

ಇಬ್ಬರಿಗೂ ಸಮಾಧಾನವಾಯಿತು. ಅವನ ಬಳಿ ಆ ಹೆಸರಿನ ಹಾಡು ನಿಜವಾಗಿಯೂ ಇರಲಿಲ್ಲ. ಇದ್ದದ್ದು ‘ಮಾಲಿ ಬಾಸ್ಟನ್’.

ಹಬ್ಬದ ಮಧ್ಯಾಹ್ನ ನಾಲ್ಕು ಗಂಟೆಗೆ ಅವನು ಅದನ್ನು ಹಾಕಿದ. ಎರ್ಸಿಲಿಯಾ ಮರದ ಪೆಟ್ಟಿಗೆಯೊಂದರ ಮೇಲೆ ನಿಂತು, ದೋಣಿಯ ಹುಟ್ಟಿನಷ್ಟು ಉದ್ದದ ಕೋಲಿನಿಂದ ತಿರುವುತ್ತಿದ್ದರು. ಆಗ ಅವರಿಗೆ ಎಪ್ಪತ್ತನಾಲ್ಕು. ತಾಳ ಶುರುವಾದಾಗ ಅವರು ತಲೆ ಎತ್ತಲಿಲ್ಲ. ಸಾಲು ಬಂದಾಗ ಐನೂರು ಜನ, ಕುಣಿಯುವವರೂ ಚೆಸ್ಟ್‌ನಟ್ ಸುಲಿಯುವವರೂ, ಅಭ್ಯಾಸಬಲದಿಂದ ಒಟ್ಟಿಗೆ ಕೂಗಿದರು: ಕೋಲು ಬಿಡು, ಮುದುಕಿ, ಈಗ ನನ್ನ ಸರದಿ. ಕೂಗಿದ ಮೇಲೆ ತಾವೆಲ್ಲಿದ್ದೇವೆ ಎಂಬುದು ಅವರಿಗೆ ನೆನಪಾಯಿತು. ಎರಡನೆಯ ಸಲ ಸಾಲು ಬಂದಾಗ ಒಬ್ಬರೂ ಬಾಯಿ ತೆರೆಯಲಿಲ್ಲ. ಆ ಮೌನದಲ್ಲಿ ಸ್ಪೀಕರಿನ ದನಿ ಮಾತ್ರ ಕೇಳಿಸಿತು. ಒಂಬತ್ತು ವರ್ಷ ದಿನಾ ಮೆಟ್ಟಿಲ ಮೇಲೆ ಕೇಳಿದ ದನಿಯನ್ನು ಎರ್ಸಿಲಿಯಾ ಗುರುತಿಸದೆ ಇರಲಿಲ್ಲ.

ಕೋಲು ನಿಂತಿತು. ಹಾಡು ನಾಲ್ಕು ನಿಮಿಷದ್ದು. ಅವರು ಪೂರ್ತಿ ಕೇಳಿದರು. ಅಷ್ಟರಲ್ಲಿ ತಳ ಹಿಡಿದ ವಾಸನೆ ಅಂಗಳದ ತುಂಬ ಹರಡಿತು.

“ನಿವೆಸ್.”

ನಿವೆಸ್ ಬಡಿಸುವ ಮೇಜಿನ ಹಿಂದಿನಿಂದ ಬಂದಳು.

“ಮೇಲೆ ಹತ್ತು,” ಎಂದರು ಎರ್ಸಿಲಿಯಾ, ಪೆಟ್ಟಿಗೆಯಿಂದ ಇಳಿದು. “ಈಗ ನಿನ್ನ ಸರದಿಯಂತೆ.”

ಅವಳು ಹತ್ತಿದಳು, ಕೋಲು ಹಿಡಿದಳು. ಅದು ಅವಳು ಎಣಿಸಿದ್ದಕ್ಕಿಂತ ಬಹಳ ಭಾರವಾಗಿತ್ತು. ಕೈ ಎಡಕ್ಕೆ ಹೋಯಿತು.

“ಬಲಕ್ಕೆ,” ಎಂದರು ಅತ್ತೆ. ಓರೆಸ್ತೆ ಮೀನು ಹಿಡಿಯಲು ಹೋಗಿರಲಿಲ್ಲ. ಚರ್ಚಿನ ಗೋಡೆಯ ಹಿಂದೆ ನಿಂತಿದ್ದ. ಸೀದ ಪೊಲೆಂತಾವನ್ನು ಊರಿನವರೆಲ್ಲ ತಟ್ಟೆ ಖಾಲಿಯಾಗುವವರೆಗೆ ತಿಂದರು.

ಮುಂದಿನ ಭಾನುವಾರ ಚರ್ಚಿನಿಂದ ಬಂದಾಗ ಮನೆಯ ಕೋಲು ಊಟದ ಮೇಜಿನ ಮೇಲೆ, ನಿವೆಸ್ ಕೂರುವ ಜಾಗದಲ್ಲಿ ಇತ್ತು.

“ಅತ್ತೆ, ಅದು ಸುಮ್ನೆ ಹಾಡು. ಆವತ್ತು ಸಿಟ್ಟಲ್ಲಿ ಬಾಯಿಗೆ ಬಂತು. ನೀವೇ ಇಟ್ಕೊಳ್ಳಿ.”

“ಯುರೋಪಿಗೆಲ್ಲ ಕೂಗಿ ಹೇಳಿದೀಯ. ನಾನೊಬ್ಳು ಇಲ್ಲ ಅನ್ನಕ್ಕಾಗುತ್ತಾ? ಹಂಡೆ ಏರ್ಸು.”

ಕೇಳದೆಯೇ ಕೋಲು ಪಡೆಯಬೇಕಾದ ಊರಿನಲ್ಲಿ ಅವಳು ಕೇಳಿ ಪಡೆದಳು. ಅಂದಿನಿಂದ ಪ್ರತಿ ಭಾನುವಾರ ಹತ್ತೂಮುಕ್ಕಾಲಿಗೆ ನೀರು, ಹನ್ನೊಂದೂಕಾಲಿಗೆ ಹಿಟ್ಟು, ಹನ್ನೆರಡರವರೆಗೆ ತಿರುವುವುದು. ಅತ್ತೆ ಕಿಟಕಿಯ ಬಳಿ ಕೈಕಟ್ಟಿ ಕೂತು ನೋಡುವರು. ಬೀದಿಯ ಕೆಳಗಿನಿಂದ ತುಲ್ಲಿಯೊನ ತಾಳ ಗೋಡೆಯ ಮೂಲಕ ಸಣ್ಣಗೆ ಬರುತ್ತಿತ್ತು. ನಿವೆಸ್‌ಳ ಕೈ ಆ ತಾಳಕ್ಕೇ ಸುತ್ತುತ್ತಿತ್ತು. ಕೋಲಿಲ್ಲದ ಆ ಎರಡು ಗಂಟೆ ಏನಾಗಿತ್ತೆಂಬುದು ಅವಳಿಗೆ ತಿಳಿದದ್ದು ಅದು ಕೈಬಿಟ್ಟ ಮೇಲೆ. ಬೇರೆ ದಿನ ಹೋಗೋಣವೆಂದರೆ ಮೇಲೆ ಯಂತ್ರಗಳು. ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲೆ ತುಲ್ಲಿಯೊನ ಅಪ್ಪ ನಿದ್ದೆ ಮಾಡುತ್ತಿದ್ದ.

ಎರಡನೆಯ ಆಲ್ಬಮ್ಮಿಗೆ ಸುಳ್ಳು ಇಂಗ್ಲಿಷನ್ನು ತುಲ್ಲಿಯೊ ತಾನೇ ಹಾಡಿದ. ಅವನಿಗೆ ಇಂಗ್ಲಿಷಿನಲ್ಲಿ ನಲ್ಲಿಯ ಬಿಡಿಭಾಗಗಳ ಹೆಸರು ಗೊತ್ತಿತ್ತು. ಎಲ್ಲ ಹಾಡಿನಲ್ಲೂ ಅವೇ ಬಂದವು. ಶೆರಿಲ್ ಎರಡು ವಾರ ಸಹಿಸಿಕೊಂಡು, ಆಮೇಲೆ ಕೇಳಿದಳು: “ಅರ್ಥ ಇಲ್ದಂಗೆ ಹಾಡ್ತಿದ್ಲಲ್ಲ, ಆ ಹೆಂಗಸು ಎಲ್ಲಿ? ಅವಳ ಹಿಂದೆ ಹಾಡೋದು ಸುಲಭ ಇತ್ತು.” ಆಲ್ಬಮ್ 1996ರಲ್ಲಿ ಬಂತು, ಹಾಗೇ ಹೋಯಿತು.

“ನಿಂಗೆ ಬೇಕಾಗಿತ್ತು, ಸಿಕ್ತು,” ಎಂದ ತುಲ್ಲಿಯೊ, ಬಾಗಿಲಲ್ಲಿ ನಿಂತು.

“ನಂಗೆ ಎರಡೂ ಬೇಕಾಗಿತ್ತು ಕಣೋ,” ಎಂದಳು ನಿವೆಸ್. ಒಳಗೆ ಕಿಟಕಿಯ ಬಳಿ ಕೂತಿದ್ದ ಎರ್ಸಿಲಿಯಾ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

1997ರ ಫೆಬ್ರವರಿಯಲ್ಲಿ ನಿವೆಸ್‌ಗೆ ಜ್ವರ ಬಂತು. ಭಾನುವಾರ ಬೆಳಿಗ್ಗೆ ಹಂಡೆಯ ಮುಂದೆ ನಿಂತು ತೂಗಾಡುತ್ತಿದ್ದಳು. ಎರ್ಸಿಲಿಯಾ ಹಣೆ ಮುಟ್ಟಿ ನೋಡಿ ಕೋಲು ತೆಗೆದುಕೊಂಡರು.

“ಹೋಗಿ ಮಲ್ಕೊ. ಇವತ್ತು ನಾನು ತಿರುವ್ತೀನಿ.”

ಅವಳು ಮೇಲೆ ಹೋಗಿ ಮಲಗಿದಳು. ಗೋಡೆಯಲ್ಲಿ ತಾಳ ಬಡಿಯುತ್ತಿತ್ತು. ಕಾಲು ಗಂಟೆ ಕೇಳಿದಳು. ಆಮೇಲೆ ಎದ್ದು, ರಾತ್ರಿಯುಡುಪಿನ ಮೇಲೆ ಕೋಟು ಹಾಕಿ, ಹಿಂದಿನ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ತುಲ್ಲಿಯೊ ಮೈಕು ತಗ್ಗಿಸಿದ. ಕಟ್ಟಿದ ಗಂಟಲಿನಲ್ಲಿ ನಲವತ್ತು ನಿಮಿಷ ಹಾಡಿದಳು.

ವಾಪಸು ಬಂದಾಗ ಪೊಲೆಂತಾ ಹಲಗೆಯ ಮೇಲಿತ್ತು. ಎರ್ಸಿಲಿಯಾ ದಾರದಿಂದ ಕೊಯ್ಯುತ್ತಿದ್ದರು. ಅವರು ಸೊಸೆಯ ಕಾಲ ಕಡೆ ನೋಡಿದರು, ಆಮೇಲೆ ಕೋಟಿನ ಭುಜದ ಹಸಿರು ಮಸಿಯ ಕಡೆ.

“ಜ್ವರ ಹೇಗಿದೆ?”

“ಇಳೀತು ಅತ್ತೆ.”

“ಬೂಟಿನ ಹಿಮ ಒರೆಸ್ಕೊ. ನೆಲ ಒದ್ದೆ ಆಗುತ್ತೆ.”

ಮುಂದಿನ ಭಾನುವಾರ ನಿವೆಸ್‌ಗೆ ಮೈ ಸರಿಹೋಗಿತ್ತು. ಎಂದಿನಂತೆ ಹಂಡೆಗೆ ನೀರು ಹಾಕಿ, ಉಪ್ಪು ಹಾಕಿ, ಕೋಲಿಗೆ ಕೈ ಹಾಕಿದಳು. ಎರ್ಸಿಲಿಯಾ ಕಿಟಕಿಯ ಬಳಿಯಿಂದ ಎದ್ದು ಬಂದು ಅವಳ ಹಣೆಯ ಮೇಲೆ ಅಂಗೈ ಇಟ್ಟರು. ಆಗ ತಾನೇ ಹೊರಗಿನಿಂದ ಸೌದೆ ತಂದಿದ್ದರಿಂದ ಅವಳ ಹಣೆ ತಣ್ಣಗಿತ್ತು.

“ಸುಡ್ತಾ ಇದೆ,” ಎಂದರು ಎರ್ಸಿಲಿಯಾ, ಕೋಲನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತ. “ಹೋಗು. ಹನ್ನೆರಡೂವರೆಗೆ ಜ್ವರ ಇಳಿದಿರಬೇಕು.”